ಕ್ವೊಕ್ಕಾ ದ್ವೀಪಕ್ಕೆ ಹೊರಟವರ ಪ್ರಶ್ನೆಗಳು

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಕೆಲಸಕ್ಕಿರುವ ಮಗ, ಮಗಳ ಮನೆಗೆ ಹೊರಡುವ ಅಪ್ಪ ಅಮ್ಮಂದಿರು ನಮ್ಮ ಸೀಮೆಯಲ್ಲಿ ಈಗ ಕಡಿಮೆಯೇನಿಲ್ಲ. ಅಲ್ಲಿಗೆ ಹೋದವರಿಗೆಲ್ಲ ಮಕ್ಕಳು ಮೊದಲು ತೋರಿಸಲು ಹೊರಡುವ ಜಾಗ ರಾಟ್‌ನೆಸ್ಟ್ ದ್ವೀಪ. ಮನುಷ್ಯರಿಗೆ ಹೆದರದೆ ಕಾಲ ಬಳಿಗೇ ಬರುವ ಕ್ವೊಕ್ಕಾ ಎಂಬ ಕಾಡುಪ್ರಾಣಿ ಇರುವ ದ್ವೀಪ ಅದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಫೋಟೊದಲ್ಲಿ ನಗುತ್ತಿರುವ ಹಾಗೆ ಕಾಣುವ ಈ ಪ್ರಾಣಿ ಯಾವ ಜಾತಿಯದು? ಕಾಡುಪ್ರಾಣಿ ಆದಮೇಲೆ ಹೆದರಬೇಕಲ್ಲ, ಯಾಕೆ ಹೆದರುವುದಿಲ್ಲ? (ನಿವೃತ್ತ ಶಿಕ್ಷಕಿ, ತುಮಕೂರು)

ಕ್ವೊಕ್ಕಾ ಕಾಂಗರೂ ಬಳಗದ್ದು. ಸಾಕಿದ ಬೆಕ್ಕಿನ ಗಾತ್ರ, ತೂಕ ಸುಮಾರು 2.5ರಿಂದ 5 ಕಿಲೊ. ದುಂಡು ಕಿವಿ, ಮೋಟು ಬಾಲ, ಒರಟಾದ ಕಂದು ಕೂದಲು. ಹಿಂಗಾಲಿನ ಮೇಲೆ ಕುಪ್ಪಳಿಸುತ್ತದೆ, ನಿಧಾನವಾಗಿ ಮೇಯುವಾಗ ನಾಲ್ಕೂ ಕಾಲು ಊರುತ್ತದೆ. ನಗು ಅನ್ನುವುದು ಅದರ ದವಡೆಯ ಆಕಾರ. ಬಾಯಿಯ ಕೊನೆಗಳು ಹುಟ್ಟಿನಿಂದಲೇ ಸ್ವಲ್ಪ ಮೇಲಕ್ಕೆ ತಿರುಗಿರುತ್ತವೆ. ಹಸಿದಿರಲಿ, ಕಾಯಿಲೆ ಬಿದ್ದಿರಲಿ, ಗಾಬರಿಯಲ್ಲಿರಲಿ, ಮುಖ ಹಾಗೆಯೇ ಕಾಣುತ್ತದೆ. ಆದ್ದರಿಂದ ಮುಖ ನೋಡಿ ಖುಷಿಯಲ್ಲಿದೆ ಎಂದು ತಿಳಿಯಬೇಡಿ. ಕಿವಿ, ಕಾಲು ಗಮನಿಸಿ. ಕಿವಿ ಹಿಂದಕ್ಕೆ ಸರಿಸಿ ಮೈ ಕುಗ್ಗಿಸಿದರೆ, ಅಥವಾ ಪಕ್ಕಕ್ಕೆ ತಿರುಗಿ ಕುಪ್ಪಳಿಸಲು ಸಿದ್ಧವಾದರೆ, ನೀವು ಹೆಚ್ಚು ಹತ್ತಿರ ಹೋಗಿದ್ದೀರಿ ಎಂದರ್ಥ.

ಇನ್ನು ಹೆದರದಿರುವುದಕ್ಕೆ ಕಾರಣ ಆ ದ್ವೀಪದ ಚರಿತ್ರೆ. ಸಮುದ್ರದ ಮಟ್ಟ ಏರಿ, ಸುಮಾರು 7000 ವರ್ಷಗಳ ಹಿಂದೆ ಆ ಭಾಗ ದೊಡ್ಡ ನೆಲದಿಂದ ಬೇರೆಯಾಯಿತು. ಅಲ್ಲಿ ನರಿ ಇಲ್ಲ. ಆಸ್ಟ್ರೇಲಿಯಾದ ದೊಡ್ಡ ನೆಲಕ್ಕೆ ಯುರೋಪಿನವರು ತಂದುಬಿಟ್ಟ ಕೆಂಪು ನರಿ ನೈರುತ್ಯ ಮೂಲೆಗೆ ತಲುಪಿದ ಮೇಲೆ ಅಲ್ಲಿನ ಕ್ವೊಕ್ಕಾಗಳು ಬೇಗ ಬೇಗ ಕರಗಿದವು. ಉಳಿದವು ದಟ್ಟ ಜೌಗು ಪೊದೆಗಳಲ್ಲಿ ಅಡಗಿ ಬದುಕುತ್ತವೆ, ಮನುಷ್ಯರ ಕಣ್ಣಿಗೆ ಬೀಳುವುದೇ ಅಪರೂಪ. ಅಂದರೆ ಒಂದೇ ಪ್ರಾಣಿ ಒಂದು ಕಡೆ ಪುಕ್ಕಲು, ಇನ್ನೊಂದು ಕಡೆ ಧೈರ್ಯವಂತ. ರಾಟ್‌ನೆಸ್ಟ್‌ನಲ್ಲಿ ಸಾವಿರಾರು ಇವೆ, ಆದರೂ ಒಟ್ಟು ಪ್ರಭೇದ ಅಪಾಯದಂಚಿನ ಪಟ್ಟಿಯಲ್ಲೇ ಇದೆ. ಅದರ ಧೈರ್ಯವನ್ನು ಸ್ನೇಹವೆಂದು ನಾವು ಕರೆಯುತ್ತೇವೆ. ಅದು ಹತ್ತಿರ ಬರುವುದು ನಿಮ್ಮ ಬಳಿ ತಿನ್ನಲು ಏನಾದರೂ ಇದೆಯೇ ಎಂದು ಮೂಸಲು. ಮುಂದಿನ ಉತ್ತರಗಳಿಗೆಲ್ಲ ಇದೇ ಬುನಾದಿ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು? ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕೇ? (ಗೌರಿಬಿದನೂರು)

ಸೆಪ್ಟೆಂಬರ್‌ನಿಂದ ನವೆಂಬರ್ ಎಂಬುದು ನಮ್ಮ ಸಲಹೆ. ಅಲ್ಲಿ ಅದು ವಸಂತ. ಮರಿಗಳು ತಾಯಿಯ ಹೊಟ್ಟೆಚೀಲದಿಂದ ತಲೆ ಹೊರಗೆ ಹಾಕುವ, ಹೊರಗಿಳಿದು ಓಡಾಡಲು ಕಲಿಯುವ ಕಾಲ. ಬಿಸಿಲೂ ಹದವಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಅವರ ಬೇಸಿಗೆ. ಶಾಲೆಗಳ ರಜೆ ಸೇರಿ ಜನ ತುಂಬುತ್ತಾರೆ, ಬಿಸಿಲು ಸುಡುತ್ತದೆ. ಜೂನ್‌ನಿಂದ ಆಗಸ್ಟ್ ಮಳೆ, ಚಳಿ. ಆಗ ಸಮುದ್ರ ಏರಿಳಿಯುವುದು ಹೆಚ್ಚು, ದೋಣಿ ಪ್ರಯಾಣ ಎಲ್ಲರಿಗೂ ಒಗ್ಗದು.

ಕ್ವೊಕ್ಕಾ ಮುಖ್ಯವಾಗಿ ರಾತ್ರಿ ಮೇಯುವ ಪ್ರಾಣಿ. ನಡು ಮಧ್ಯಾಹ್ನ ಪೊದೆಯ ಕೆಳಗೆ, ಮರದ ನೆರಳಲ್ಲಿ ಮುದುರಿ ಮಲಗಿರುತ್ತದೆ. ಹನ್ನೊಂದು ಗಂಟೆಗೆ ಇಳಿದು ಮೂರಕ್ಕೆ ಹತ್ತಿದವರು ಮಲಗಿದ ನಾಲ್ಕು ಪ್ರಾಣಿ ನೋಡಿ, ‘ಇಷ್ಟೇನಾ’ ಎಂದು ವಾಪಸಾಗುವುದು ಇದೇ ಕಾರಣಕ್ಕೆ. ಒಂದೇ ದಿನ ಸಾಧ್ಯವಿದ್ದರೆ ಬೆಳಗಿನ ಮೊದಲ ದೋಣಿ, ಸಂಜೆಯ ಕೊನೆಯ ದೋಣಿ ಹಿಡಿಯಿರಿ. ದುಡ್ಡು ಒದಗಿದರೆ ಒಂದು ರಾತ್ರಿ ಉಳಿಯುವುದೇ ಸರಿ. ಸೂರ್ಯ ಇಳಿದ ಮೇಲೆ ಬಯಲಿನಲ್ಲಿ ಅವು ಗುಂಪು ಗುಂಪಾಗಿ ಮೇಯುವುದು ನೋಡಲು ಸಿಗುವುದು ಉಳಿದವರಿಗೆ ಮಾತ್ರ. ಅಲ್ಲಿ ಕಾಟೇಜು, ಟೆಂಟು, ಹೋಟೆಲು ಎಲ್ಲ ಇವೆ, ಆದರೆ ರಜೆ ದಿನಗಳದ್ದು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತದೆ.

ದೋಣಿ ಎಲ್ಲಿಂದ ಹತ್ತಬೇಕು ಎಂದೂ ಕೆಲವರು ಕೇಳಿದ್ದಾರೆ. ಮೂರು ಕಡೆಯಿಂದ ಇವೆ. ಫ್ರೀಮ್ಯಾಂಟಲ್‌ನಿಂದ ಸುಮಾರು ಅರ್ಧ ಗಂಟೆ, ಹಿಲರೀಸ್ ಬಂದರಿನಿಂದ ಮುಕ್ಕಾಲು ಗಂಟೆ, ಪರ್ತ್ ನಗರದ ಬ್ಯಾರಕ್ ಸ್ಟ್ರೀಟ್ ಜೆಟ್ಟಿಯಿಂದ ಸ್ವಾನ್ ನದಿಯ ಮೇಲೆ ಸಾಗಿ ಒಂದೂವರೆ ಗಂಟೆಯಷ್ಟು. ಹಣ, ಹೊತ್ತು ಎರಡೂ ಉಳಿಯುವುದು ಫ್ರೀಮ್ಯಾಂಟಲ್‌ನಿಂದ. ಪರ್ತ್‌ನಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆ, ಸ್ಟೇಷನ್ನಿನಿಂದ ದೋಣಿಕಟ್ಟೆಗೆ ನಡೆದೇ ಹೋಗಬಹುದು. ದ್ವೀಪದ ಪ್ರವೇಶ ಶುಲ್ಕ ದೋಣಿ ಟಿಕೆಟ್‌ನಲ್ಲೇ ಸೇರಿರುತ್ತದೆ, ಅಲ್ಲಿ ಮತ್ತೆ ಕೊಡಬೇಕಿಲ್ಲ.

ಪ್ರಶ್ನೆ: ನಾವು ರೈತರು, ಸಂಬಳದ ಚೀಟಿ ಇಲ್ಲ. ಆಸ್ಟ್ರೇಲಿಯಾ ವೀಸಾಕ್ಕೆ ಏನು ತೋರಿಸುವುದು? (ಶಿರಾ)

ನೀವು ಹಾಕಬೇಕಾದ್ದು ಪ್ರವಾಸಿ ವೀಸಾ, ಅದರ ಸಂಖ್ಯೆ 600. ಅರ್ಜಿ ಆನ್‌ಲೈನ್‌ನಲ್ಲಿ. ಅಧಿಕಾರಿಗೆ ಮನವರಿಕೆ ಆಗಬೇಕಾದ್ದು ಎರಡು ಸಂಗತಿ: ಅಲ್ಲಿ ಇರುವಷ್ಟು ದಿನ ಖರ್ಚಿಗೆ ದುಡ್ಡಿದೆ, ಮುಗಿದ ಮೇಲೆ ನೀವು ಊರಿಗೆ ಮರಳುತ್ತೀರಿ. ಎರಡನೆಯದಕ್ಕೆ ಪಹಣಿ ಒಳ್ಳೆಯ ದಾಖಲೆ. ಆದರೆ ಪಹಣಿ ಕನ್ನಡದಲ್ಲಿರುತ್ತದೆ, ಅದನ್ನು ಹಾಗೇ ಹಾಕಿದರೆ ಪ್ರಯೋಜನವಿಲ್ಲ. ಅರ್ಹ ಅನುವಾದಕರಿಂದ ಇಂಗ್ಲಿಷ್‌ಗೆ ಮಾಡಿಸಿ, ಮೂಲ ಮತ್ತು ಅನುವಾದ ಎರಡನ್ನೂ ಸೇರಿಸಿ. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಕೊಬ್ಬರಿ ಅಥವಾ ಅಡಿಕೆ ಮಾರಿದ ಎಪಿಎಂಸಿ ಪಟ್ಟಿ, ಮಗ ಅಥವಾ ಮಗಳ ಆಹ್ವಾನ ಪತ್ರ, ಅವರ ವೀಸಾ ಪ್ರತಿ. ಅರ್ಜಿಗೆ ಮುಂಚೆ ಖಾತೆಗೆ ದೊಡ್ಡ ಮೊತ್ತ ಒಮ್ಮೆಲೇ ತುಂಬಿಸಬೇಡಿ. ತುಂಬಿಸಲೇಬೇಕಿದ್ದರೆ ಅದು ಎಲ್ಲಿಂದ ಬಂತು ಎಂಬ ಕಾಗದ ಇಟ್ಟಿರಿ. ವಿಮಾನ ಟಿಕೆಟ್ ವೀಸಾ ಕೈಗೆ ಬಂದ ಮೇಲೆ.

ಪ್ರಶ್ನೆ: ಮಗಳಿಗೆ ಮಾವಿನ ಉಪ್ಪಿನಕಾಯಿ, ಹುರಿಹಿಟ್ಟು, ಜೇನುತುಪ್ಪ, ಕರಿಬೇವು ಒಯ್ಯಬೇಕು. ದ್ವೀಪಕ್ಕೆ ಬುತ್ತಿಯನ್ನೂ ಕಟ್ಟಿಕೊಂಡು ಹೋಗಬಹುದೇ? (ಶ್ರೀನಿವಾಸಪುರ)

ಕರಿಬೇವು, ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ ಬೇಡವೇ ಬೇಡ. ಶ್ರೀನಿವಾಸಪುರದ ಮಾವು ಎಷ್ಟೇ ರುಚಿಯಿರಲಿ, ಅದರೊಳಗೆ ಹುಳ ಇರಬಹುದು ಎಂಬುದು ಅವರ ಭಯ. ಆ ಭಯಕ್ಕೆ ಕಾರಣವೂ ಇದೆ. ಜೇನುತುಪ್ಪವನ್ನು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯ ತನ್ನ ಜೇನುಹುಳುಗಳ ರಕ್ಷಣೆಗಾಗಿ ಒಳಗೆ ಬಿಡುವುದಿಲ್ಲ. ಹಾಲಿನ ಸಿಹಿತಿಂಡಿಯನ್ನೂ ಮನೆಯಲ್ಲೇ ಬಿಟ್ಟು ಹೋಗುವುದು ಲೇಸು. ಉಳಿದದ್ದು ಏನೇ ಇದ್ದರೂ, ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ, ಹುಣಸೆಹಣ್ಣು, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ಆಹಾರ ಇದೆ’ ಎಂಬ ಕಡೆ ಹೌದು ಎಂದೇ ಗುರುತು ಹಾಕಿ. ಹೇಳಿ ತೋರಿಸಿದ ಪದಾರ್ಥವನ್ನು ಅವರು ಬಿಸಾಡಬಹುದು, ದಂಡ ಹಾಕುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಖಚಿತ, ವೀಸಾಕ್ಕೂ ಕುತ್ತು. ಸಿಡ್ನಿ, ಮೆಲ್ಬರ್ನ್ ಕಡೆಯಿಂದ ಪರ್ತ್‌ಗೆ ಬರುವವರಿಗೂ ಹಣ್ಣು, ಜೇನಿನ ತಪಾಸಣೆ ಉಂಟು.

ದ್ವೀಪಕ್ಕೆ ಬುತ್ತಿ ಧಾರಾಳವಾಗಿ ಒಯ್ಯಿರಿ. ಅಲ್ಲಿ ಬೇಕರಿ, ದಿನಸಿ ಅಂಗಡಿ, ಹೋಟೆಲ್ ಇವೆ, ಆದರೆ ಬೆಲೆ ಊರಿಗಿಂತ ಹೆಚ್ಚು. ಚಪಾತಿ, ಚಿತ್ರಾನ್ನ, ಮೊಸರನ್ನ ಏನೇ ಇರಲಿ, ಕ್ಲಿಪ್ ಇರುವ ಗಟ್ಟಿ ಡಬ್ಬಿಯಲ್ಲಿ ಹಾಕಿ. ಪ್ಲಾಸ್ಟಿಕ್ ಕವರಿನ ವಾಸನೆಯೊಂದೇ ಸಾಕು ಕ್ವೊಕ್ಕಾಕ್ಕೆ. ಚೀಲವನ್ನು ಹುಲ್ಲಿನ ಮೇಲೆ ತೆರೆದಿಟ್ಟು ಫೋಟೊಗೆ ಎದ್ದುಹೋದರೆ ವಾಪಸು ಬರುವಷ್ಟರಲ್ಲಿ ಅದರ ತಲೆ ಒಳಗಿರುತ್ತದೆ. ಉಳಿದ ಅನ್ನ, ಸಿಪ್ಪೆ ಎಲ್ಲವನ್ನೂ ಮುಚ್ಚಳವಿರುವ ಕಸದ ಡಬ್ಬಿಗೇ ಹಾಕಬೇಕು, ಪೊದೆಗೆ ಎಸೆಯುವಂತಿಲ್ಲ.

ಪ್ರಶ್ನೆ: ದೇವರಾಯನದುರ್ಗಕ್ಕೆ ಹೋದಾಗ ಕೋತಿಗಳಿಗೆ ಬಾಳೆಹಣ್ಣು, ಕಡಲೆ ಕೊಡುವುದು ನಮ್ಮ ಮನೆಯ ರೂಢಿ, ಪುಣ್ಯದ ಕೆಲಸ. ಹಸಿದ ಪ್ರಾಣಿಗೆ ಒಂದು ತುತ್ತು ಕೊಟ್ಟರೆ ಆ ದೇಶದಲ್ಲಿ ದಂಡ ಹಾಕುತ್ತಾರಂತೆ, ಇದೆಂಥ ನ್ಯಾಯ? (ಕ್ಯಾತ್ಸಂದ್ರ)

ನಿಮ್ಮ ಪ್ರಶ್ನೆಯನ್ನು ಗೌರವದಿಂದಲೇ ತೆಗೆದುಕೊಂಡು, ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮೊದಲು ಕ್ವೊಕ್ಕಾದ ಹೊಟ್ಟೆ. ಅದು ತಿನ್ನುವುದು ಹುಲ್ಲು, ಎಲೆ, ಎಳೆ ಚಿಗುರು, ನೀರು ತುಂಬಿದ ದಪ್ಪ ಎಲೆಯ ಗಿಡಗಳು. ಆ ನಾರನ್ನು ಅರಗಿಸಲು ಅದರ ಜಠರದ ಮುಂಭಾಗದಲ್ಲಿ ಸೂಕ್ಷ್ಮಜೀವಿಗಳು ಇರುತ್ತವೆ, ಅವು ಮೇವನ್ನು ಹುದುಗಿಸುತ್ತವೆ. ಅಲ್ಲಿಗೆ ಒಮ್ಮೆಲೇ ಬ್ರೆಡ್ಡು, ಅನ್ನ, ಬಿಸ್ಕತ್ತು, ಚಿಪ್ಸ್ ಬಿದ್ದರೆ ಹುದುಗುವಿಕೆಯ ಹದ ಕೆಡುತ್ತದೆ. ಹಸುವಿಗೆ ಅಕ್ಕಿ ಹಿಟ್ಟು ಹೆಚ್ಚು ತಿನ್ನಿಸಿದಾಗ ಹೊಟ್ಟೆಯುಬ್ಬರ ಬರುವುದನ್ನು ನಿಮ್ಮ ಕಡೆಯ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಎರಡನೆಯದು ಹಲ್ಲು. ಮೆತ್ತನೆ ತಿನಿಸು ಹಲ್ಲಿನ ಸಂದಿಯಲ್ಲಿ ಕೂತು, ಒಸಡು ಕೊಳೆತು, ಸೋಂಕು ದವಡೆಯ ಮೂಳೆಗೆ ಇಳಿಯುವ ಕಾಯಿಲೆ ಕಾಂಗರೂ ಜಾತಿಯ ಪ್ರಾಣಿಗಳಿಗೆ ಬರುತ್ತದೆ. ದವಡೆ ಊದಿದ ಪ್ರಾಣಿ ಮೇಯಲಾಗದೆ ಹಸಿವಿನಿಂದಲೇ ಸಾಯುತ್ತದೆ. ಮೂರನೆಯದು ಉಪ್ಪು. ರಾಟ್‌ನೆಸ್ಟ್‌ನಲ್ಲಿ ಬೇಸಿಗೆಯ ಕೊನೆಗೆ ಸಿಹಿನೀರು, ಹಸಿರು ಎರಡೂ ಕಡಿಮೆ. ಆ ಹೊತ್ತಿಗೆ ಕ್ವೊಕ್ಕಾ ಬಾಲದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತದೆ. ಆಗ ಉಪ್ಪು ಹಚ್ಚಿದ ಕಡಲೆ, ಚಿಪ್ಸ್ ತಿಂದರೆ ಬಾಯಾರಿಕೆ ಇನ್ನಷ್ಟು.

‘ಹಾಗಾದರೆ ಬಾಟಲಿಯಿಂದ ನೀರಾದರೂ ಕುಡಿಸೋಣ’ ಎನ್ನುವವರಿದ್ದಾರೆ. ಅದೂ ಬೇಡ. ಅಲ್ಲೇ ಬೆಳೆದ ಎಲೆ ಕಿತ್ತು ಮುಂದೆ ಹಿಡಿಯುವುದೂ ಉಣಿಸಿದಂತೆಯೇ. ಕೈಗೂ ತಿನಿಸಿಗೂ ನಂಟು ಕಲಿತ ಪ್ರಾಣಿ ಮುಂದಿನ ಮಗುವಿನ ಬೆರಳನ್ನು ಕಚ್ಚುತ್ತದೆ.

ಈಗ ನಮ್ಮ ಕಡೆಗೆ ಬನ್ನಿ. ದೇವರಾಯನದುರ್ಗದ ರಸ್ತೆಯ ಮೇಲೆ, ಕೋಲಾರದ ಅಂತರಗಂಗೆಯ ಮೆಟ್ಟಿಲ ಮೇಲೆ, ನಂದಿಬೆಟ್ಟದ ವಾಹನ ನಿಲ್ದಾಣದಲ್ಲಿ ಏನು ನಡೆಯುತ್ತಿದೆ ಎಂದು ಒಂದು ಕ್ಷಣ ನೋಡಿ. ಕಾಡಿನಲ್ಲಿ ಅತ್ತಿ, ಆಲದ ಹಣ್ಣು, ಚಿಗುರು, ಹುಳಹುಪ್ಪಟೆ ಹುಡುಕಿ ತಿನ್ನಬೇಕಾದ ಕೋತಿ, ಕಾರಿನ ಕಿಟಕಿ ಇಳಿಯುವುದನ್ನೇ ಕಾಯುತ್ತ ತಿರುವಿನಲ್ಲಿ ಕೂರುತ್ತದೆ. ಮರಿ ಹೊತ್ತ ತಾಯಿ ಚಕ್ರಕ್ಕೆ ಸಿಗುತ್ತದೆ. ಚೀಲ ಕೊಡದವರನ್ನು ಗದರಿಸುತ್ತದೆ, ಕಚ್ಚುತ್ತದೆ. ಆಮೇಲೆ ‘ಕೋತಿ ಕಾಟ’ ಎಂದು ದೂರು ಕೊಟ್ಟು ಹಿಡಿಸಿ, ಗೊತ್ತಿಲ್ಲದ ಕಾಡಿಗೆ ಬಿಡಿಸುವವರೂ ನಾವೇ. ನಮ್ಮ ಈ ಬಾನೆಟ್ ಕೋತಿ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಅದೂ ಈಗ ಕ್ವೊಕ್ಕಾದಂತೆಯೇ ಅಪಾಯದಂಚಿನ ಪಟ್ಟಿಯಲ್ಲಿದೆ.

ಬೇರೆ ದಾರಿಯೂ ನಿಮ್ಮ ಜಿಲ್ಲೆಯಲ್ಲೇ ಇದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಊರಿನವರು ಅವಕ್ಕೆ ಮೀನು ತಂದು ಹಾಕುವುದಿಲ್ಲ. ಗೂಡಿರುವ ಮರಕ್ಕೆ ಕಲ್ಲು ಬೀಳದಂತೆ, ಸದ್ದಾಗದಂತೆ ನೋಡಿಕೊಳ್ಳುತ್ತಾರೆ. ಹಕ್ಕಿಗಳು ಹೆದರದೆ ಮನೆಗಳ ನಡುವಿನ ಮರಗಳಲ್ಲೇ ಮರಿ ಬೆಳೆಸುತ್ತವೆ. ಪುಣ್ಯ ಬೇಕೆಂದರೆ ಅದು ಅಲ್ಲಿದೆ ಎಂದು ನಾವು ನಂಬುತ್ತೇವೆ.

ದಂಡದ ವಿಷಯ: ಕ್ವೊಕ್ಕಾಕ್ಕೆ ಉಣಿಸುವುದು, ಅದನ್ನು ಮುಟ್ಟುವುದು, ಎತ್ತುವುದು ಅಲ್ಲಿ ನಿಯಮಬಾಹಿರ, ರೇಂಜರ್‌ಗಳು ಸ್ಥಳದಲ್ಲೇ ದಂಡ ಹಾಕಬಹುದು. ಹಿಂಸೆ ಮಾಡಿದರೆ ಆ ರಾಜ್ಯದ ಪ್ರಾಣಿ ಕಲ್ಯಾಣ ಕಾಯ್ದೆಯಡಿ 50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು.

ಪ್ರಶ್ನೆ: ಕ್ವೊಕ್ಕಾ ಜೊತೆ ಸೆಲ್ಫಿ ತೆಗೆಯಲು ಸರಿಯಾದ ಕ್ರಮ ಯಾವುದು? ಮುಟ್ಟದೆ ಸಾಧ್ಯವೇ? (ಕಾಲೇಜು ವಿದ್ಯಾರ್ಥಿನಿ, ಚಿಂತಾಮಣಿ)

ಖಂಡಿತ ಸಾಧ್ಯ. ಟೆನಿಸ್ ಆಟಗಾರ ರೋಜರ್ ಫೆಡರರ್ 2017ರ ಕೊನೆಯಲ್ಲಿ ತೆಗೆದುಕೊಂಡ ಸೆಲ್ಫಿ ಲೋಕವೆಲ್ಲ ಸುತ್ತಿತು. ಅದರಲ್ಲೂ ಗುಟ್ಟು ಒಂದೇ, ಕ್ಯಾಮೆರಾ ನೆಲಮಟ್ಟಕ್ಕೆ ಇಳಿಯಬೇಕು.

ನಿಂತು ಬಗ್ಗಬೇಡಿ. ಮೇಲಿಂದ ಬಗ್ಗುವ ಆಕೃತಿ ಸಣ್ಣ ಪ್ರಾಣಿಗೆ ಹದ್ದಿನ ನೆರಳಿದ್ದಂತೆ. ಕ್ವೊಕ್ಕಾದಿಂದ ಎರಡು ಮೂರು ಮೀಟರ್ ದೂರದಲ್ಲಿ, ಅದರ ದಾರಿಗೆ ಅಡ್ಡವಾಗದಂತೆ ಕೂತುಬಿಡಿ, ಇಲ್ಲವೇ ಬೋರಲು ಮಲಗಿ. ಅದಕ್ಕೆ ಹೊರಟು ಹೋಗಲು ಒಂದು ಬದಿ ತೆರೆದಿರಲಿ. ಗೋಡೆಗೂ ನಿಮಗೂ ನಡುವೆ ಸಿಕ್ಕಿಸಬಾರದು. ಫೋನಿನ ಫ್ಲ್ಯಾಶ್, ಕ್ಲಿಕ್ ಸದ್ದು ಎರಡೂ ಆರಿಸಿ. ಐದು ಹತ್ತು ನಿಮಿಷ ಸುಮ್ಮನಿರಿ. ಅದಾಗಿ ಬಂದರೆ ಮೂಗು ಮುಂದೆ ಚಾಚಿ ಫೋನನ್ನೇ ಮೂಸುತ್ತದೆ. ಆ ಹೊತ್ತಿಗೆ ಫೋನು ಅದರ ಕಣ್ಣಿಗಿಂತ ಕೊಂಚ ಕೆಳಗೆ, ನಿಮ್ಮ ತೋಳಿನಷ್ಟು ಮುಂದೆ ಇರಬೇಕು. ಕೆಳಗಿನಿಂದ ತೆಗೆದಾಗಲೇ ಬಾಯಿಯ ಆ ಮೇಲ್ತಿರುವು ಚೆನ್ನಾಗಿ ಕಾಣುವುದು. ಒಂದೇ ಫೋಟೊಗೆ ಕಾಯಬೇಡಿ, ಬಟನ್ ಒತ್ತಿಹಿಡಿದು ಸಾಲಾಗಿ ತೆಗೆಯಿರಿ, ಅಥವಾ ವಿಡಿಯೊ ಮಾಡಿ ಆಮೇಲೆ ಚಿತ್ರ ಆರಿಸಿ.

ಇನ್ನೊಂದು ಕೈ ಎಲ್ಲಿರಬೇಕು ಎಂಬುದೇ ಎಲ್ಲರೂ ಮರೆಯುವ ಸಂಗತಿ. ಅದನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿ. ಮುಂದೆ ಇದ್ದರೆ ತಿನಿಸೆಂದು ಬೆರಳು ಕಚ್ಚುತ್ತದೆ, ನಿಮಗೂ ಅರಿವಿಲ್ಲದೆ ಸವರಲು ಕೈ ಹೋಗುತ್ತದೆ. ಅದು ತಿರುಗಿ ಹೊರಟರೆ ಬೆನ್ನಟ್ಟಬೇಡಿ. ಹೊಟ್ಟೆಚೀಲದಲ್ಲಿ ಮರಿಯಿರುವ ತಾಯಿಯನ್ನು ಅಟ್ಟಿದರೆ ಚೀಲದ ಸ್ನಾಯು ಸಡಿಲಾಗಿ ಮರಿ ನೆಲಕ್ಕೆ ಬೀಳಬಹುದು. ತಾಯಿ ಓಡಿ ಬದುಕಿಕೊಳ್ಳುತ್ತದೆ, ಮರಿ ಬದುಕುವುದು ಕಷ್ಟ. ಹೊಟ್ಟೆ ಉಬ್ಬಿದ್ದು ಕಂಡರೆ ದೂರದಿಂದಲೇ ನೋಡಿ.

ಡ್ರೋನ್ ಹಾರಿಸುವ ಆಸೆಯಿದ್ದರೆ ಬಿಡಿ, ಅಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಪ್ರಶ್ನೆ: ಮೊಮ್ಮಗನಿಗೆ ನಾಲ್ಕು ವರ್ಷ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾನೆ. ಕರೆದುಕೊಂಡು ಹೋದರೆ ಅಪಾಯವೇ? (ಕೋಲಾರ)

ಅಪಾಯ ಎನ್ನುವಷ್ಟು ಇಲ್ಲ, ಜಾಗ್ರತೆ ಬೇಕು. ನಾಲ್ಕು ವರ್ಷದ ಮಗು ಕೈ ಇಳಿಬಿಟ್ಟರೆ ಅದು ಹಿಂಗಾಲ ಮೇಲೆ ನಿಂತ ಕ್ವೊಕ್ಕಾದ ಮೂತಿಗೆ ಸರಿಯಾಗಿ ಬರುತ್ತದೆ. ಕೈಯಲ್ಲಿ ಬಿಸ್ಕತ್ತು ಇದ್ದರೆ ಬಿಸ್ಕತ್ತಿನ ಜೊತೆ ಬೆರಳೂ ಸಿಗುತ್ತದೆ. ಆದ್ದರಿಂದ ತಿನ್ನುವಾಗ ಮಗು ನಿಮ್ಮ ತೊಡೆಯ ಮೇಲೆ ಅಥವಾ ಕುರ್ಚಿಯ ಮೇಲೆ ಇರಲಿ. ತಿಂದ ಮೇಲೆ ಬಾಯಿ, ಕೈ ಒರೆಸಿ ಬಿಡಿ. ನಡೆಯುವಾಗ ಖಾಲಿ ಕೈ.

ಇನ್ನೊಂದು ಮುಖ್ಯ ಕಾರಣ ಸಾಲ್ಮೊನೆಲ್ಲಾ. ರಾಟ್‌ನೆಸ್ಟ್‌ನ ಕ್ವೊಕ್ಕಾಗಳ ಕರುಳಲ್ಲಿ ಈ ಬ್ಯಾಕ್ಟೀರಿಯಾ ಸಾಮಾನ್ಯ, ಅದರಲ್ಲೂ ಬೇಸಿಗೆಯಲ್ಲಿ. ಪ್ರಾಣಿಗೆ ತೊಂದರೆ ಕಾಣದಿದ್ದರೂ ಮಗುವಿಗೆ ವಾಂತಿ, ಭೇದಿ ತರಬಲ್ಲದು. ಹುಲ್ಲಿನ ಮೇಲೆಲ್ಲ ಅವುಗಳ ಹಿಕ್ಕೆ ಬಿದ್ದಿರುತ್ತದೆ, ಅಲ್ಲಿ ಕೂರುವಾಗ ಚಾಪೆ ಹಾಸಿ. ಊಟಕ್ಕೆ ಮುಂಚೆ ಸೋಪು ನೀರಿನಲ್ಲಿ ಕೈ ತೊಳೆಸಿ, ಸ್ಯಾನಿಟೈಸರ್ ಒಂದನ್ನೇ ನಂಬಬೇಡಿ. ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆದು, ದ್ವೀಪದಲ್ಲೇ ಇರುವ ನರ್ಸಿಂಗ್ ಪೋಸ್ಟಿಗೆ ತೋರಿಸಿ. ರಾತ್ರಿ ಉಳಿದರೆ ಕಾಟೇಜಿನ ಬಾಗಿಲು ತೆರೆದಿಡಬೇಡಿ, ಅಡುಗೆಮನೆಗೇ ಬರುತ್ತವೆ.

ದಾರಿ ಬಿಟ್ಟು ಪೊದೆಗೆ ನುಗ್ಗಲು ಮಗುವನ್ನು ಬಿಡಬೇಡಿ. ದ್ವೀಪದಲ್ಲಿ ಡುಗೈಟ್ ಎಂಬ ವಿಷದ ಹಾವಿದೆ. ತಾನಾಗಿ ಮೈಮೇಲೆ ಬರುವುದಿಲ್ಲ, ತುಳಿದರೆ ಕಚ್ಚುತ್ತದೆ. ಚಪ್ಪಲಿ ಬೇಡ, ಶೂ ಹಾಕಿಸಿ.

ಪ್ರಶ್ನೆ: ಅಲ್ಲಿ ಕಾರು ಇಲ್ಲವಂತೆ. ನನಗೆ 62, ಮಂಡಿ ನೋವಿದೆ. ಸೊಸೆ ಸೈಕಲ್ ಎನ್ನುತ್ತಾಳೆ. ಏನು ಮಾಡಲಿ? (ತಿಪಟೂರು)

ನೀವು ಬಸ್ಸು, ಅವರು ಸೈಕಲ್. ದ್ವೀಪ 11 ಕಿಲೊಮೀಟರ್ ಉದ್ದ, ಅಗಲವಿರುವ ಕಡೆ ನಾಲ್ಕೂವರೆ ಕಿಲೊಮೀಟರ್. ನಕ್ಷೆಯಲ್ಲಿ ಸಣ್ಣದಾಗಿ ಕಂಡರೂ ರಸ್ತೆ ಪೂರ್ತಿ ಏರಿಳಿತ, ನೆರಳು ಕಡಿಮೆ. ಸುತ್ತು ಹಾಕಿ ಬರಲು 20 ಕಿಲೊಮೀಟರಿಗೂ ಹೆಚ್ಚು ತುಳಿಯಬೇಕು. ದಿನದ ಟಿಕೆಟ್ ಕೊಂಡರೆ ಬೇಕಾದಲ್ಲಿ ಇಳಿದು ಹತ್ತುವ ಬಸ್ಸು ಇದೆ. ಪ್ರತಿ ನಿಲ್ದಾಣದಲ್ಲಿ ಇಳಿಯುವಾಗ ಮುಂದಿನ ಬಸ್ಸಿನ ಹೊತ್ತು, ಕೊನೆಯ ಬಸ್ಸಿನ ಹೊತ್ತು ಎರಡನ್ನೂ ಚಾಲಕರನ್ನು ಕೇಳಿಕೊಳ್ಳಿ.

ಸೊಸೆಗೆ ಒಂದು ಮಾತು ಹೇಳಿ. ಬೇಸಿಗೆಯಲ್ಲಿ ಬೆಳಿಗ್ಗೆ ಗಾಳಿ ಪೂರ್ವದಿಂದ ಬೀಸುತ್ತದೆ, ಮಧ್ಯಾಹ್ನದ ಮೇಲೆ ನೈರುತ್ಯದಿಂದ ಬಲವಾದ ಕಡಲಗಾಳಿ ಏಳುತ್ತದೆ. ದೋಣಿ ನಿಲ್ಲುವ ಥಾಮ್ಸನ್ ಬೇ ಪೂರ್ವ ತುದಿಯಲ್ಲಿದೆ. ಬೆಳಿಗ್ಗೆಯೇ ಪಶ್ಚಿಮ ತುದಿಗೆ ಹೊರಟು, ಗಾಳಿ ತಿರುಗಿದ ಮೇಲೆ ಮರಳಿದರೆ ಎರಡೂ ಸಲ ಗಾಳಿ ಬೆನ್ನಿಗೆ. ಮಧ್ಯಾಹ್ನ ಪಶ್ಚಿಮಕ್ಕೆ ಹೊರಟವರು ಎದುರುಗಾಳಿಗೆ ತುಳಿದು ಅರ್ಧಕ್ಕೇ ಕೈಚೆಲ್ಲುತ್ತಾರೆ, ದೋಣಿ ತಪ್ಪಿಸಿಕೊಳ್ಳುವುದೂ ಉಂಟು. ಹೆಲ್ಮೆಟ್ ಅಲ್ಲಿ ಕಡ್ಡಾಯ. ಸೈಕಲ್ ತೆಗೆದುಕೊಳ್ಳುವಾಗ ಎರಡೂ ಬ್ರೇಕು, ಗಾಳಿ, ಸೀಟಿನ ಎತ್ತರ ಅಲ್ಲೇ ಪರೀಕ್ಷಿಸಬೇಕು. ದುಪಟ್ಟಾ ಚಕ್ರಕ್ಕೆ ಸಿಗದಂತೆ ಪಿನ್ ಹಾಕಿರಲಿ. ಪಶ್ಚಿಮ ಭಾಗದಲ್ಲಿ ಅಂಗಡಿಗಳನ್ನು ನಂಬಿಕೊಳ್ಳಬೇಡಿ, ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು. ನಮ್ಮ ಬಿಸಿಲಿಗೆ ಒಗ್ಗಿದ ಮೈ ಎಂದು ಉದಾಸೀನ ಮಾಡಬೇಡಿ, ಅಲ್ಲಿನ ಅತಿನೇರಳೆ ಕಿರಣ ತೀಕ್ಷ್ಣ. ಅಗಲ ಅಂಚಿನ ಟೋಪಿ, ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್. ರಸ್ತೆಯ ಮೇಲೆಯೇ ಕ್ವೊಕ್ಕಾ ಮಲಗಿರುತ್ತದೆ, ಇಳಿಜಾರಿನಲ್ಲಿ ವೇಗ ತಗ್ಗಿಸಬೇಕು.

ಪಶ್ಚಿಮ ತುದಿಯ ಕೆತೀಡ್ರಲ್ ರಾಕ್ಸ್ ಬಳಿಯ ಕಟ್ಟೆಯಿಂದ ಸೀಲ್ ಎಂಬ ಕಡಲಪ್ರಾಣಿಗಳು ಬೆನ್ನ ಮೇಲೆ ತೇಲುವುದು ಕಾಣುತ್ತದೆ. ಬಸ್ಸಿನವರಿಗೂ ಅದು ಸಿಗುತ್ತದೆ.

ಪ್ರಶ್ನೆ: ಮರಿ ಎಷ್ಟು ದಿನ ಚೀಲದಲ್ಲಿರುತ್ತದೆ? ಮಕ್ಕಳಿಗೆ ಪಾಠಕ್ಕೆ ಬೇಕು. (ವಿಜ್ಞಾನ ಶಿಕ್ಷಕರು, ಮಾಲೂರು)

ಗರ್ಭ ಒಂದು ತಿಂಗಳಿಗೂ ಕಡಿಮೆ, ಸುಮಾರು 27 ದಿನ. ಹುಟ್ಟುವಾಗ ಮರಿಗೆ ಕಣ್ಣಿಲ್ಲ, ಕೂದಲಿಲ್ಲ. ತಾನೇ ತೆವಳಿ ಚೀಲ ಸೇರಿ ಮೊಲೆ ಕಚ್ಚಿಕೊಳ್ಳುತ್ತದೆ, ಆರು ತಿಂಗಳಷ್ಟು ಅಲ್ಲೇ ಬೆಳೆಯುತ್ತದೆ. ರಾಟ್‌ನೆಸ್ಟ್‌ನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ಮಕ್ಕಳಿಗೆ ಹಿಡಿಸುವ ಸಂಗತಿ ಇನ್ನೊಂದಿದೆ: ಹೆರಿಗೆಯಾದ ಮರುದಿನವೇ ತಾಯಿ ಮತ್ತೆ ಗರ್ಭ ಧರಿಸುತ್ತದೆ, ಆದರೆ ಆ ಭ್ರೂಣ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಚೀಲದ ಮರಿ ಸತ್ತರೆ ಮಾತ್ರ ಅದು ಬೆಳೆಯಲು ತೊಡಗುತ್ತದೆ.

ಪ್ರಶ್ನೆ: ಅದೇ ದ್ವೀಪದಲ್ಲಿ ಜೈಲು ಇತ್ತು ಎಂದು ಮಗ ಹೇಳಿದ. ನಿಜವೇ? (ಮಧುಗಿರಿ)

ನಿಜ. ಹೋಗುವವರು ಇದನ್ನು ತಿಳಿದೇ ಹೋಗಬೇಕು. ಅಲ್ಲಿನ ಮೂಲನಿವಾಸಿ ನೂಂಗಾರ್ ಜನರ ಭಾಷೆಯಲ್ಲಿ ಈ ದ್ವೀಪ ವಾಡ್ಜೆಮಪ್. 1838ರಿಂದ 1931ರವರೆಗೆ ಬ್ರಿಟಿಷ್ ವಸಾಹತು ಆಡಳಿತ ಮತ್ತು ಅದರ ನಂತರದ ಸರ್ಕಾರ ಇಲ್ಲಿ ಮೂಲನಿವಾಸಿ ಗಂಡಸರನ್ನು, ಹುಡುಗರನ್ನು ಸೆರೆಯಲ್ಲಿಟ್ಟವು. ಸುಮಾರು 4000 ಮಂದಿಯನ್ನು ತಂದರು, 370ಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತು ಮಣ್ಣಾದರು. ಈಗ ಪ್ರವಾಸಿಗರು ಮೆಚ್ಚುವ ಹಳೆಯ ಕಟ್ಟಡಗಳಲ್ಲಿ ಹಲವನ್ನು ಕಟ್ಟಿದ್ದು ಆ ಕೈದಿಗಳ ದುಡಿಮೆ. ಸಮಾಧಿಭೂಮಿ ವಸತಿಗೆ ಹತ್ತಿರದಲ್ಲೇ ಇದೆ, ಫಲಕ ನೋಡಿ ಗೌರವದಿಂದ ನಡೆದುಕೊಳ್ಳಿ. ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಮೀಸಲಿಡಿ.

ಪ್ರಶ್ನೆ: ಪಾಸ್‌ಪೋರ್ಟೂ ಇಲ್ಲ, ಅಷ್ಟು ದುಡ್ಡೂ ಇಲ್ಲ. ನಮ್ಮ ದೇಶದಲ್ಲೇ ಹೀಗೆ ಹತ್ತಿರ ಬರುವ ಪ್ರಾಣಿಗಳ ದ್ವೀಪ ಇದೆಯೇ? (ಶಿಡ್ಲಘಟ್ಟ)

ಅಂಡಮಾನಿನಲ್ಲಿದೆ. ಹಿಂದೆ ರಾಸ್ ಐಲ್ಯಾಂಡ್ ಎನ್ನುತ್ತಿದ್ದ, 2018ರಿಂದ ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ ಎಂದು ಕರೆಯುವ ಪುಟ್ಟ ದ್ವೀಪ. ಪೋರ್ಟ್ ಬ್ಲೇರ್‌ನಿಂದ, ಅಂದರೆ ಈಗಿನ ಶ್ರೀವಿಜಯಪುರಂನಿಂದ, ದೋಣಿಯಲ್ಲಿ ಕಾಲು ಗಂಟೆಯೊಳಗಿನ ದಾರಿ. ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಕಟ್ಟಡಗಳನ್ನು ಆಲದ ಬೇರುಗಳು ನುಂಗಿವೆ. ಅವುಗಳ ನಡುವೆ ಚುಕ್ಕೆ ಜಿಂಕೆ, ನವಿಲು ಅಳುಕಿಲ್ಲದೆ ಓಡಾಡುತ್ತವೆ. ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ, ಆಧಾರ್‌ನಂಥ ಗುರುತಿನ ಚೀಟಿ ಸಾಕು. ವಾರದಲ್ಲಿ ಒಂದು ದಿನ ರಜೆ ಇರುತ್ತದೆ, ದೋಣಿಕಟ್ಟೆಯಲ್ಲಿ ಹಿಂದಿನ ದಿನವೇ ವಿಚಾರಿಸಿ.

ಒಂದು ವ್ಯತ್ಯಾಸ ಗಮನದಲ್ಲಿರಲಿ. ಕ್ವೊಕ್ಕಾ ರಾಟ್‌ನೆಸ್ಟ್‌ನ ಮೂಲ ನಿವಾಸಿ, ಈ ಜಿಂಕೆಗಳು ಅಲ್ಲ. ಬ್ರಿಟಿಷರು ತಂದುಬಿಟ್ಟದ್ದು. ಅಂಡಮಾನಿನಲ್ಲಿ ಅವನ್ನು ಹಿಡಿಯುವ ದೊಡ್ಡ ಬೇಟೆಪ್ರಾಣಿ ಇಲ್ಲ, ಹಾಗಾಗಿ ಹಬ್ಬಿ ಕಾಡಿನ ಎಳೆ ಸಸಿಗಳನ್ನು ಮೇಯ್ದು ಮುಗಿಸುತ್ತಿವೆ. ಅಲ್ಲಿ ಬಿಸ್ಕತ್ತು ಉಣಿಸುವ ಪ್ರವಾಸಿಗರು ಕಂಡರೂ ನೀವು ಸೇರಬೇಡಿ.

ಇನ್ನೂ ಹತ್ತಿರಕ್ಕೆ, ನಿಮ್ಮ ಜಿಲ್ಲೆಯ ಗಡಿ ದಾಟಿದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, 798 ಎಕರೆ ಹುಲ್ಲುಗಾವಲು. ಅವು ಹತ್ತಿರ ಬರುವುದಿಲ್ಲ. ಬೈನಾಕ್ಯುಲರ್ ಹಿಡಿದು, ಸೂರ್ಯ ಏರುವ ಮುಂಚೆ ಹೋಗಿ ಕೂತರೆ ನೂರು ಮೀಟರ್ ದೂರದಲ್ಲಿ ಜಿಗಿಯುತ್ತ ಸಾಗುವ ಹಿಂಡು ಕಾಣುತ್ತದೆ. ನಮ್ಮ ಲೆಕ್ಕದಲ್ಲಿ ಅದೇನೂ ಕಡಿಮೆಯಲ್ಲ.

ಪ್ರಶ್ನೆ: ಜಪಾನಿನ ಮೊಲಗಳ ದ್ವೀಪವೂ ಇದೇ ಥರವೇ? (ಬಂಗಾರಪೇಟೆ)

ಅದು ಹಿರೋಷಿಮಾ ಪ್ರಾಂತ್ಯದ ಒಕುನೊಶಿಮಾ. ತದಾನೊಉಮಿ ಎಂಬ ಸಣ್ಣ ಬಂದರಿನಿಂದ ದೋಣಿಯಲ್ಲಿ ಕಾಲು ಗಂಟೆ. ಮೊಲಗಳು ಸಾಕುಮೊಲಗಳ ಸಂತತಿ, ಜನ ತಂದುಕೊಡುವ ಮೇವನ್ನೇ ನೆಚ್ಚಿಕೊಂಡಿವೆ. ಪ್ರವಾಸಿಗರು ಬಾರದ ಮಳೆ ದಿನಗಳಲ್ಲಿ ಹಸಿಯುತ್ತವೆ, ಬಂದ ದಿನಗಳಲ್ಲಿ ಅತಿಯಾಗಿ ತಿನ್ನುತ್ತವೆ, ತಿನಿಸಿಗಾಗಿ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ. ಎತ್ತಿಕೊಳ್ಳುವುದು, ರಸ್ತೆಯ ಮೇಲೆ ಮೇವು ಹಾಕುವುದು ಅಲ್ಲೂ ಕೂಡದು. ಆ ದ್ವೀಪದಲ್ಲೇ 1929ರಿಂದ 1945ರವರೆಗೆ ಜಪಾನ್ ಸೇನೆ ವಿಷಾನಿಲ ತಯಾರಿಸಿತು. ಅದರ ವಸ್ತುಸಂಗ್ರಹಾಲಯವನ್ನು ನೋಡದೆ ಬರಬೇಡಿ.

ಪ್ರಶ್ನೆ: ಅಮ್ಮನಿಗೆ ದೋಣಿ ಹತ್ತಿದರೆ ವಾಂತಿ. ಅವರಿಗೆ ಕ್ವೊಕ್ಕಾ ನೋಡುವ ಯೋಗವಿಲ್ಲವೇ? (ಕುಣಿಗಲ್)

ಮೊದಲು ದೋಣಿಯನ್ನೇ ಸುಲಭ ಮಾಡಿ ನೋಡಿ. ಫ್ರೀಮ್ಯಾಂಟಲ್‌ನಿಂದ ಬೆಳಗಿನ ದೋಣಿ, ಕಡಲಗಾಳಿ ಏಳುವ ಮುಂಚೆ. ಕೂರುವುದು ಕೆಳಗಿನ ಅಂತಸ್ತಿನ ಹಿಂಭಾಗದಲ್ಲಿ, ಅಲ್ಲಿ ಓಲಾಟ ಕಡಿಮೆ. ಕಣ್ಣು ದೂರದ ದಿಗಂತದ ಮೇಲೆ, ಫೋನಿನ ಮೇಲೆ ಅಲ್ಲ. ಹೊಟ್ಟೆ ಖಾಲಿಯೂ ಬೇಡ, ತುಂಬಿಯೂ ಬೇಡ. ಪ್ರಯಾಣದ ವಾಂತಿಯ ಮಾತ್ರೆಯನ್ನು ಹೊರಡುವ ಅರ್ಧ ಗಂಟೆಗೆ ಮುಂಚೆಯೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಕೆಲಸ ಮಾಡದು. ಬಿಪಿ, ಶುಗರ್, ಗ್ಲಾಕೋಮಾಕ್ಕೆ ಔಷಧಿ ತೆಗೆದುಕೊಳ್ಳುವವರಾದರೆ ಊರಿನ ವೈದ್ಯರನ್ನು ಕೇಳಿ ಮಾತ್ರೆ ಆರಿಸಿ.

ಅದೂ ಆಗದು ಎಂದರೆ ಪರ್ತ್ ಝೂನಲ್ಲಿ ಕ್ವೊಕ್ಕಾಗಳಿವೆ. ಬೆಳಿಗ್ಗೆ ತೆರೆಯುವ ಹೊತ್ತಿಗೇ ಕರೆದುಕೊಂಡು ಹೋಗಿ, ಬಿಸಿಲೇರಿದರೆ ಅಲ್ಲೂ ಅವು ನಿದ್ದೆಗೆ ಜಾರುತ್ತವೆ.